ಅಪ್‌ಡೇಟ್: ಮುಂಭಾಗದ ಹಲ್ಲಿನ ಇಂಪ್ಲಾಂಟ್‌ಗೆ ಕೊನೆಗೂ ಕ್ರೌನ್ ಕೂತಾಯ್ತು

ಮೂಳೆಯೊಳಗೆ ಕೂರಿಸಿರೋ ಇಂಪ್ಲಾಂಟ್‌ಗೂ ಮೇಲೆ ಕಾಣೋ ಕೃತಕ ಹಲ್ಲಿಗೂ (ಕ್ರೌನ್) ನಡುವೆ ಬರೋ ಜೋಡಣೆ ತುಂಡು, ಅಂದ್ರೆ ಅಬಟ್‌ಮೆಂಟ್, ಟೈಟಾನಿಯಂದು ಹಾಕಿಸ್ಲಾ ಜಿರ್ಕೋನಿಯಾದ್ದು (ಬಿಳಿ ಸೆರಾಮಿಕ್) ಹಾಕಿಸ್ಲಾ ಅಂತ ಹಿಂದೆ ಇಲ್ಲಿ ಕೇಳಿದ್ನಲ್ಲ, ಅದು ಮುಗೀತು. ನನ್ನ ವಸಡು ತೆಳು, ಟ್ರಯಲ್‌ಗೆ ಟೈಟಾನಿಯಂ ಇಟ್ಟಾಗ ವಸಡಿನ ಅಂಚಲ್ಲಿ ಬೂದು ನೆರಳು ಎದ್ದು ಕಾಣ್ತಿತ್ತು. ಟೈಟಾನಿಯಂನ ಚಿನ್ನದ ಬಣ್ಣಕ್ಕೆ ಆನೊಡೈಸ್ (ವಿದ್ಯುತ್ ಹಾಯಿಸಿ ಲೋಹದ ಮೇಲ್ಮೈ ಬಣ್ಣ ಬದಲಿಸೋದು) ಮಾಡ್ಸಿ ಅಂದಿದ್ರು ಇಲ್ಲಿ ಒಬ್ರು, ನಮ್ಮ ಡಾಕ್ಟ್ರ ಲ್ಯಾಬಲ್ಲಿ ಮಾಡಲ್ವಂತೆ. ಪೂರ್ತಿ ಜಿರ್ಕೋನಿಯಾ ಅಬಟ್‌ಮೆಂಟ್‌ಗೂ ಡಾಕ್ಟ್ರು ಒಪ್ಲಿಲ್ಲ, ಅದು ಎಷ್ಟು ಗಟ್ಟಿ ಅಂದ್ರೆ ಒಳಗಿರೋ ಟೈಟಾನಿಯಂ ಇಂಪ್ಲಾಂಟನ್ನೇ ಸವೆಸಬಹುದಂತೆ, ನಂಗಿದು ಗೊತ್ತೇ ಇರ್ಲಿಲ್ಲ! ವರ್ಕ್ ಆಗಿದ್ದು ಟೈ-ಬೇಸ್ ಸಲಹೆ, ಕೆಳಗೆ ಟೈಟಾನಿಯಂ, ಅದರ ಮೇಲೆ ಅಂಟಿಸಿದ ಜಿರ್ಕೋನಿಯಾ. ಕ್ರೌನೂ ಜಿರ್ಕೋನಿಯಾನೇ, ಸ್ಕ್ರೂ ಹಾಕಿ ಬಿಗಿಸೋ ಟೈಪು, ಸ್ಕ್ರೂ ತೂತು ಹಲ್ಲಿನ ಹಿಂಬದಿ ಇದೆ. ಸಿಮೆಂಟಿಂದ ಅಂಟಿಸೋ ಟೈಪಾದ್ರೆ ಮಿಕ್ಕಿದ ಸಿಮೆಂಟ್ ವಸಡೊಳಗೆ ಉಳ್ಕೊಂಡು ಬಾವು ಬರ್ಬೋದಂತೆ. ಪಿಎಫ್‌ಎಂ (ಒಳಗೆ ಲೋಹ, ಮೇಲೆ ಪಿಂಗಾಣಿ ಇರೋ ಕ್ರೌನ್) ಸಾಕು ಅಂದವರ ಮಾತು ದವಡೆ ಹಲ್ಲಿಗೆ ಸರಿ ಇರ್ಬೋದು, ಮುಂದಿನದಕ್ಕೆ ಮನಸ್ಸು ಒಪ್ಲಿಲ್ಲ. ನೆರಳು ಈಗ ಹುಡುಕಿದ್ರೆ ಮಾತ್ರ ಕಾಣುತ್ತೆ.