ಅವ್ವನ ಫೋನು ದಿನಾ ಒಂದು ತಾಸು, ಏನು ಮಾಡಲಿ?

ಸಪ್ತಾಪುರ ರೂಮಿನವ:
ಧಾರವಾಡದಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಊರು ರೋಣದ ಕಡೆ. ರಾತ್ರಿ ಊಟ ಮಾಡಿ ಪುಸ್ತಕ ತೆಗೆದೆ ಅನ್ನುವಷ್ಟರಲ್ಲಿ ಅವ್ವನ ಫೋನು. ಏನು ಊಟ ಮಾಡಿದಿ ಅಂತ ಶುರುವಾಗಿ, ಗದಗ ಎಪಿಎಂಸಿಯಲ್ಲಿ ಹೆಸರಿಗೆ ಏನು ರೇಟು ಬಂತು, ಯಾರ ಮನೆಯ ಲಗ್ನ ಮುರಿಯಿತು, ಎಮ್ಮೆ ಯಾಕೆ ಹಾಲು ಕೊಡಲಿಲ್ಲ, ಇಷ್ಟೆಲ್ಲಾ ಮುಗಿದ ಮೇಲೆ 'ಮತ್ತೇನು?' ಅಂತ ಮತ್ತೆ ಶುರು. ಇಡ್ತೀನಿ ಅಂದರೆ ಸಿಟ್ಟು. ಆಮೇಲೆ ಓದಿದ್ದು ತಲೆಗೆ ಹತ್ತುವುದಿಲ್ಲ, ಕಿವಿ ಬೇರೆ ಬಿಸಿಯಾಗಿರುತ್ತದೆ. ಇಷ್ಟು ಹೊತ್ತು ಮಾತಾಡಿದರೆ ಮೆದುಳಿಗೆ ತೊಂದರೆ ಅಂತ ರೂಮ್‌ಮೇಟ್ ಹೆದರಿಸುತ್ತಾನೆ. ನಿಜಾನಾ?

ಹುಬ್ಬಳ್ಳಿ ಮೊಬೈಲ್ ರಿಪೇರಿ:
ಕಿವಿ ಬಿಸಿಯಾಗುವುದು ಬ್ಯಾಟರಿ ಮತ್ತು ಒಳಗಿನ ಚಿಪ್ಪಿನ ಶಾಖಕ್ಕೆ. ಚಾರ್ಜಿಗೆ ಹಾಕಿಕೊಂಡೇ ಮಾತಾಡುತ್ತೀಯಾ ಅನಿಸುತ್ತೆ, ಅದನ್ನು ಮೊದಲು ಬಿಡು. ಮೆದುಳಿನ ವಿಷಯ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಮೊಬೈಲ್ ತರಂಗಗಳನ್ನು 'ಕ್ಯಾನ್ಸರ್ ತರಬಹುದೇನೋ' ಅನ್ನುವ ಗುಂಪಿಗೆ ಸೇರಿಸಿತು. ತರುತ್ತದೆ ಅಂತ ಹೇಳಿಲ್ಲ. ಫೋನಿನ ತರಂಗಗಳಿಂದ ಮೈ ಹೀರಿಕೊಳ್ಳುವ ಶಕ್ತಿಗೆ ನಮ್ಮ ದೇಶದಲ್ಲಿ ಮಿತಿ ದೇಹದ ಕೆಜಿಗೆ 1.6 ವ್ಯಾಟ್, *#07# ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ನಿನ್ನ ಸೆಟ್ಟಿನ ಲೆಕ್ಕ ಕಾಣುತ್ತೆ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಫೋನು ಜಾಸ್ತಿ ಶಕ್ತಿ ಹಾಕಿ ಟವರಿಗೆ ಕೂಗುತ್ತದೆ, ಹಾಗಾಗಿ ರೂಮಿನ ಮೂಲೆ ಬಿಟ್ಟು ಮಾಳಿಗೆಗೆ ಹೋಗು. ಇಯರ್‌ಫೋನ್ ಹಾಕು, ಸೌಂಡ್ ಮಾತ್ರ ಕಡಿಮೆ ಇರಲಿ. ನಾನು ಹೆದರುವುದು ಕಿವಿಗೇ, ಮೆದುಳಿಗಲ್ಲ.

ರಿಟೈರ್ಡ್ ಮೇಷ್ಟ್ರು, ಗದಗ:
ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತವರಿಗೆ ಗೊತ್ತು ಈ ಸುಖ. ದರ ಇಳಿಯಲಿ ಅಂತ ರಾತ್ರಿವರೆಗೆ ಕಾಯುತ್ತಿದ್ದೆವು. ಕೆಂಪು ಅಂಕಿ ಓಡುವುದನ್ನು ನೋಡುತ್ತಾ 'ಎಲ್ಲಾರೂ ಆರಾಮ?' ಅನ್ನುವಷ್ಟರಲ್ಲಿ ರೊಕ್ಕ ಖಾಲಿ, ಹೇಳಬೇಕಾದ್ದು ಬಾಯಲ್ಲೇ ಉಳಿಯುತ್ತಿತ್ತು. ಮೊಬೈಲ್ ಬಂದ ಹೊಸದರಲ್ಲಿ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು, 2003ರಲ್ಲಿ ಅದು ನಿಂತಿತು. 2016ರಲ್ಲಿ ಜಿಯೋ ಬಂದ ಮೇಲಂತೂ ನಿಮಿಷದ ಲೆಕ್ಕವೇ ಹೋಯಿತು. ಅಗ್ಗವಾದ ಮೇಲೆ ಹರಟೆ ಜಾಸ್ತಿಯಾಯಿತು, ಒಪ್ಪುತ್ತೇನೆ. ಆದರೂ ಮೀಟರ್ ನೋಡುತ್ತಾ ಆಡಿದ ಮಾತು ನನಗಂತೂ ಬೇಡಪ್ಪ.

ದಿನಾ ಚಿಗರಿ ಬಸ್ಸು:
ಅವ್ವನ ಜೊತೆ ಎಷ್ಟಾದರೂ ಮಾತಾಡು, ಬಸ್ಸಿನಲ್ಲಿ ಸ್ಪೀಕರ್ ಹಾಕಬೇಡ. ಮೊನ್ನೆ ಒಬ್ಬರು ನವಲೂರಿನಿಂದ ಹೊಸೂರುವರೆಗೆ ಹೊಲದ ಪಾಲಿನ ಜಗಳ ಪೂರ್ತಿ ಕೇಳಿಸಿದರು. ಇಳಿಯುವ ಹೊತ್ತಿಗೆ ನನಗೂ ಸರ್ವೆ ನಂಬರ್ ಬಾಯಿಪಾಠ.

ಹಾವೇರಿ ಅಕ್ಕ:
ತಮ್ಮಾ, ನಾನು ಆ ಕಡೆ ಫೋನು ಹಿಡಿದವಳು. ಮಗ ಬೆಂಗಳೂರಿನಲ್ಲಿದ್ದಾನೆ. ಮೊದಲು ಎಮ್ಮೆ, ಮಳೆ, ಪಕ್ಕದ ಮನೆ. 'ಮೊಣಕಾಲು ಬಾತಿದೆ' ಅನ್ನುವುದು ಬರುವುದು ಕೊನೆಗೆ, ಅದೂ ಅವನು ಸುಮ್ನೆ ಕೇಳುತ್ತಿದ್ದರೆ. 'ಹೂಂ ಹೂಂ' ಅಂತ ಪುಸ್ತಕ ತಿರುವುತ್ತಿದ್ದರೆ ನಮಗೆ ಗೊತ್ತಾಗುತ್ತೆ, ಅದಕ್ಕೇ ಇನ್ನೂ ಎಳೆಯುತ್ತೇವೆ. ಅವ್ವನ ಫೋನಿಗೆ ಕಾಯಬೇಡ, ಸಂಜೆ ಅಡುಗೆ ಮಾಡುವ ಹೊತ್ತಿಗೆ ನೀನೇ ಹಚ್ಚು. ಆಗ ಅವಳಿಗೂ ರೊಟ್ಟಿ ಬಡಿಯುವುದು ಇರುತ್ತೆ, ತಾಸುಗಟ್ಟಲೆ ಕೂರಲು ಆಗುವುದಿಲ್ಲ. ಪರೀಕ್ಷೆ ಯಾವತ್ತು ಅಂತ ತಾರೀಖು ಹೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸು. ಮತ್ತೆ ಭಾನುವಾರ ವಿಡಿಯೊ ಕಾಲ್ ಮಾಡಿ, ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸು ಅನ್ನು.