ಹಸಿರೆಲ್ಲ ಮೇವಲ್ಲ

ಮಹೇಶ ಭಾವ: (ಫಾರ್ವರ್ಡ್ ಆದ ಚಿತ್ರ, ಮಳೆಗಾಲದ ಬಂಡೀಪುರ) “ಇಷ್ಟು ಹಸಿರಿರುವ ಕಾಡಿನಲ್ಲಿ ಆಹಾರಕ್ಕೆ ಬರವೇ? ಹುಲಿ ಊರಿಗೆ ಬರುವುದು ಚಟಕ್ಕೆ. ಎಲ್ಲರಿಗೂ ಕಳುಹಿಸಿ.”

ಶಿವಣ್ಣ ಚಿಕ್ಕಪ್ಪ: ನೂರಕ್ಕೆ ನೂರು ಸತ್ಯ. ಹೋದ ತಿಂಗಳು ನಮ್ಮ ಹಸುವನ್ನು ಹೊಲದ ಬದುವಿನಲ್ಲೇ ಹಿಡಿಯಿತು.

ಸುಮಾ: ಹಸು ಹೋದ ಸಂಕಟ ನನಗೂ ಇದೆ ಚಿಕ್ಕಪ್ಪ. ಆದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಅಲ್ಲಿರುವುದು ಹುಲ್ಲಲ್ಲ, ಲಂಟಾನ ಎಂಬ ಕಳೆಪೊದೆ. ಜಿಂಕೆ ಅದಕ್ಕೆ ಬಾಯಿ ಹಾಕುವುದು ಅಪರೂಪ. ದನ ತಿಂದರೆ ಯಕೃತ್ತು ಕೆಡುತ್ತದೆ. ಆ ಎಲೆ ಹಿಡಿದಿಟ್ಟ ಬಿಸಿಲು ಹುಲಿಯವರೆಗೆ ತಲುಪುವುದೇ ಇಲ್ಲ.

ಮಹೇಶ ಭಾವ: ಶಕ್ತಿಗೆ ನಾಶವಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವಲ್ಲ? ಸುತ್ತಿ ಬಳಸಿ ಎಲ್ಲಾದರೂ ಸಿಗಲೇಬೇಕು.

ಸುಮಾ: ಸುತ್ತುವುದು ಗೊಬ್ಬರದ ಸಾರ ಭಾವ. ಸಾರಜನಕ, ರಂಜಕ ಹಿಕ್ಕೆ-ಸಗಣಿಯಿಂದ ಮಣ್ಣಿಗೆ, ಮಣ್ಣಿನಿಂದ ಹುಲ್ಲಿಗೆ ಮರಳುತ್ತವೆ. ಶಕ್ತಿ ಮರಳುವುದಿಲ್ಲ. ಬಿದ್ದ ಬಿಸಿಲಿನಲ್ಲಿ ಸಸ್ಯವಾಗಿ ಉಳಿಯುವುದು ಶೇಕಡ 1ರ ಆಸುಪಾಸು. ಜಿಂಕೆ ಮೇಯುತ್ತದೆ, ಓಡುತ್ತದೆ, ಮೈ ಬೆಚ್ಚಗಿಟ್ಟುಕೊಳ್ಳುತ್ತದೆ. ಅಷ್ಟರಲ್ಲೇ ಮೇವಿನ ಬಹುಪಾಲು ಶಾಖವಾಗಿ ಗಾಳಿಗೆ ಸೇರಿಹೋಗುತ್ತದೆ. ಶಾಖ ನಾಶವಾಗಿಲ್ಲ, ಒಪ್ಪುತ್ತೇನೆ. ಅದನ್ನು ತಿಂದು ಬದುಕುವ ಪ್ರಾಣಿ ಯಾವುದು ಹೇಳಿ? ಹುಲ್ಲು, ಜಿಂಕೆ, ಹುಲಿ ಎಂಬ ಸಾಲಿನಲ್ಲಿ ಒಂದು ಹಂತದಿಂದ ಮುಂದಿನದಕ್ಕೆ ದಾಟುವ ಶಕ್ತಿ ಸರಾಸರಿ ಶೇಕಡ 10. ಬಿಸಿರಕ್ತದ ಪ್ರಾಣಿಗಳಲ್ಲಿ ಇನ್ನೂ ಕಡಿಮೆ.

ಶಿವಣ್ಣ ಚಿಕ್ಕಪ್ಪ: ಶೇಕಡಾವಾರು ಇರಲಿ. ಒಂದು ಹುಲಿಗೆ ಎಷ್ಟು ಬೇಕು, ಅದನ್ನು ಹೇಳು.

ಸುಮಾ: ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ. ಜಿಂಕೆ, ಕಡವೆ, ಕಾಟಿ. ಅಷ್ಟನ್ನು ಕಳೆದುಕೊಂಡೂ ಹಿಂಡು ಕರಗಬಾರದು ಎಂದರೆ ಸುಮಾರು 500 ಪ್ರಾಣಿಗಳಿರಬೇಕು. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳನ್ನು ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕವಿದು. ಆ 500ಕ್ಕೆ ಹುಲ್ಲು ಬೇಡವೇ?

ಗೌರತ್ತೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಎಂದೋ ಹೇಳಿದರು. ಹಿಂದೆ ಅವರು ತರಗು ಬೆಂಕಿ ಹಾಕುತ್ತಿದ್ದರು. ನೆಲದ ತರಗು ಸುಟ್ಟು, ಲಂಟಾನದ ಸಸಿ ಸತ್ತು, ಹೊಸ ಹುಲ್ಲು ಏಳುತ್ತಿತ್ತು. ಬೆಂಕಿ ನಿಷೇಧವಾದ ಮೇಲೆ ಪೊದೆ ಮೇಲುಗೈ ಪಡೆಯಿತು ಎನ್ನುತ್ತಾರೆ. ಕಾಡಿನಲ್ಲೇ ಬಾಳಿದವರ ಮಾತಿಗೆ ಕಿವಿಗೊಡದೆ ಹೋದದ್ದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಮಹೇಶ ಭಾವ: ಈಗ ಆಳೆತ್ತರದ ಪೊದೆಗೆ ಬೆಂಕಿ ಬಿದ್ದರೆ ಮರಗಳೂ ಉಳಿಯುವುದಿಲ್ಲ ಅತ್ತೆ.

ಗೌರತ್ತೆ: ಹಾಗಾಗಿ ಈಗ ಬೇರುಸಹಿತ ಕೀಳಿಸಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ.

ಶಿವಣ್ಣ ಚಿಕ್ಕಪ್ಪ: ನಾನು ಪೂರ್ತಿ ಒಪ್ಪುವುದಿಲ್ಲ. ಹರೆಯಕ್ಕೆ ಬಂದ ಹುಲಿಗಳು ಜಾಗ ಹುಡುಕುತ್ತಲೂ ಹೊರಗೆ ಬರುತ್ತವೆ.

ಸುಮಾ: ಅದೂ ನಿಜ ಚಿಕ್ಕಪ್ಪ. ಮುದಿಯಾದವು, ಗಾಯಗೊಂಡವೂ ಬರುತ್ತವೆ. ಚಟ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಭಾವ, ದಯವಿಟ್ಟು ಅದನ್ನು ಅಳಿಸಿ.

ಶಿವಣ್ಣ ಚಿಕ್ಕಪ್ಪ: ಚಿತ್ರ ಅಳಿಸಬೇಡಿ ಮಹೇಶ. ಯಾವುದು ಲಂಟಾನ, ಯಾವುದು ಹುಲ್ಲು ಎಂದು ಸುಮಾ ಗುರುತು ಹಾಕಿ ಕೊಡಲಿ. ಗ್ರಾಮಸಭೆಯಲ್ಲಿ ಹಸುವಿನ ಪರಿಹಾರದ ಜೊತೆಗೆ ಕಾಡಂಚಿನ ಪೊದೆ ತೆಗೆಸಬೇಕೆಂಬ ಬೇಡಿಕೆಯನ್ನೂ ಇಡುತ್ತೇನೆ.