ಹತ್ತು ವೃತ್ತಿಗಳ ಪಟ್ಟಿ ಮತ್ತು ನಮ್ಮ ಮನೆಯ ಗುಂಪು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪನೇ ಅಡ್ಮಿನ್. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರು ಗುಂಪಿಗೆ ಹಾಕಿರುವ ನಿಯಮ ಒಂದೇ: ಬರೆಯುವುದಾದರೆ ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯದಲ್ಲಿ ಬರೆಯಬೇಕು; ಹೆಬ್ಬೆರಳಿನ ಚಿತ್ರ ಒತ್ತಿ ಜಾರಿಕೊಳ್ಳುವಂತಿಲ್ಲ. ಆದ್ದರಿಂದ ನಮ್ಮಲ್ಲಿ ಜಗಳವೂ ಪತ್ರವ್ಯವಹಾರದ ಹಾಗೆ ನಡೆಯುತ್ತದೆ. ಕಳೆದ ಭಾನುವಾರದ ಜಗಳ ನನ್ನ ಬಗ್ಗೆಯೇ ಆದದ್ದರಿಂದ, ಎಲ್ಲರ ಒಪ್ಪಿಗೆ ಪಡೆದು, ನಡುವೆ ಬಂದ ಗೃಹಪ್ರವೇಶದ ಚರ್ಚೆಯನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ನನಗೆ 37 ವರ್ಷ. ಎಲೆಕ್ಟ್ರಾನಿಕ್ಸ್ ಓದಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿ ಐದನೆಯ ಕಂಪನಿಗೆ ಬಂದು ನಿಂತಿದ್ದೇನೆ. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ, ಇದೆ ಎಂದು ಗೊತ್ತಾಗಿ ಐದು ತಿಂಗಳಾಯಿತು. ಮಾತನಾಡಿದವರನ್ನು ನನ್ನ ಫೋನಿನಲ್ಲಿ ಇರುವ ಹಾಗೆಯೇ ಗುರುತಿಸಿದ್ದೇನೆ; ಅಕ್ಕ ಎಂದರೆ ದೊಡ್ಡಪ್ಪನ ಮಗಳು.

ಡಬ್ಲಿನ್ ತಮ್ಮ, ಬೆಳಿಗ್ಗೆ 9:12
(ಚಿತ್ರ: "ಎಡಿಎಚ್‌ಡಿ ಇರುವವರಿಗೆ ಹೇಳಿ ಮಾಡಿಸಿದ ಹತ್ತು ವೃತ್ತಿಗಳು." ಬಾಣಸಿಗ, ಅಗ್ನಿಶಾಮಕ ಸಿಬ್ಬಂದಿ, ತುರ್ತು ಚಿಕಿತ್ಸಾ ಘಟಕದ ನರ್ಸ್, ಪತ್ರಕರ್ತ, ಉದ್ಯಮಿ ಇತ್ಯಾದಿ.)
ಅಣ್ಣಾ, ಇದನ್ನು ನೋಡಿದಾಗ ನಿನ್ನ ನೆನಪಾಯಿತು. ಕಂಪ್ಯೂಟರ್ ಮುಂದೆ ಕುಳಿತು ಕೊರಗುವುದನ್ನು ಬಿಟ್ಟು ಇದರಲ್ಲಿ ಒಂದನ್ನು ಆರಿಸಿಕೋ. ಈಜುಗಾರ ಮೈಕೆಲ್ ಫೆಲ್ಪ್ಸ್‌ಗೂ ಇದೇ ಇದೆ. ನಟ ಫಹಾದ್ ಫಾಸಿಲ್ ತಮಗೆ 41ನೆಯ ವಯಸ್ಸಿನಲ್ಲಿ ಇದು ಪತ್ತೆಯಾಯಿತೆಂದು 2024ರಲ್ಲಿ ಬಹಿರಂಗವಾಗಿಯೇ ಹೇಳಿದ್ದಾರೆ. ಇದು ಕೊರತೆಯಲ್ಲ, ವರ.

ದೊಡ್ಡಪ್ಪ, 9:40
ವರ ಎಂಬ ಮಾತನ್ನು ಅಷ್ಟು ಸಸಾರವಾಗಿ ಬಳಸಬಾರದು. ನಾನು ತರಗತಿಯಲ್ಲಿ ಸಾವಿರಾರು ಮಕ್ಕಳನ್ನು ಕಂಡಿದ್ದೇನೆ. ಕಿಟಕಿಯ ಆಚೆ ನೋಡುತ್ತಾ ಕುಳಿತವರು ಪ್ರತಿ ವರ್ಷವೂ ಇದ್ದರು, ಆದರೆ ಯಾರಿಗೂ ಮೂರಕ್ಷರದ, ನಾಲ್ಕಕ್ಷರದ ಕಾಯಿಲೆ ಇರಲಿಲ್ಲ. ಫೋನು ಬಂದ ಮೇಲೆ ಎಲ್ಲರ ಗಮನವೂ ಚೂರುಚೂರಾಗಿದೆ. ಅದಕ್ಕೆ ಬೇಕಾದದ್ದು ಶಿಸ್ತು, ಹೊಸ ಉದ್ಯೋಗವಲ್ಲ. ಮನೆ ಸಾಲ ತಲೆಯ ಮೇಲಿರುವ ಹುಡುಗನಿಗೆ ಇಂಥ ಪಟ್ಟಿಗಳನ್ನು ಕಳುಹಿಸುವುದು ಜವಾಬ್ದಾರಿಯ ಕೆಲಸವಲ್ಲ.

ಅಕ್ಕ, 10:05
ಅಪ್ಪಾ, ನಾನು ಮನೋವೈದ್ಯೆಯಾಗಿದ್ದರೂ ಅವನಿಗೆ ಚಿಕಿತ್ಸೆ ಕೊಡುತ್ತಿರುವವಳಲ್ಲ, ಆದ್ದರಿಂದ ಸಾಮಾನ್ಯ ಸಂಗತಿಯನ್ನಷ್ಟೇ ಹೇಳುತ್ತೇನೆ. ಇದು ಫೋನಿನಿಂದ ಬಂದ ಕಾಯಿಲೆಯಲ್ಲ. ಜಾರ್ಜ್ ಸ್ಟಿಲ್ ಎಂಬ ವೈದ್ಯರು 1902ರಲ್ಲಿಯೇ ಲಂಡನ್ನಿನ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವಿವರಿಸಿದ್ದರು. ಮನೋವೈದ್ಯರು ರೋಗ ಗುರುತಿಸಲು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಕೈಪಿಡಿಯ ಮಾನದಂಡದಂತೆ ಲಕ್ಷಣಗಳಲ್ಲಿ ಹಲವು 12 ವರ್ಷ ತುಂಬುವ ಮೊದಲೇ ಕಾಣಿಸಿರಬೇಕು, ಮನೆ, ಶಾಲೆ, ಕಚೇರಿ ಹೀಗೆ ಕನಿಷ್ಠ ಎರಡು ಕಡೆ ಕಾಣಿಸಬೇಕು, ಬದುಕಿಗೆ ಅಡ್ಡಿಯಾಗುತ್ತಿರಬೇಕು. ನಿನ್ನೆ ಮೊನ್ನೆ ಶುರುವಾದ ಮರೆವಾದರೆ ನಾವು ನಿದ್ರೆ, ಥೈರಾಯಿಡ್, ಆತಂಕ, ಖಿನ್ನತೆ ಇವನ್ನೇ ಮೊದಲು ನೋಡುತ್ತೇವೆ. ವಯಸ್ಕರಲ್ಲಿ ಇದು ನೂರಕ್ಕೆ ಎರಡು ಮೂರು ಜನರಲ್ಲಿ ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಅಂದರೆ ನಿಮ್ಮ ಪ್ರತಿ ತರಗತಿಯಲ್ಲೂ ಒಬ್ಬರಾದರೂ ಇದ್ದಿರಬಹುದು.

ಅತ್ತೆ, 10:11
ಹನ್ನೆರಡು ವರ್ಷದ ಮೊದಲು ಎಂದರೆ ನನಗೆ ನೆನಪಿದೆ. ನಾಲ್ಕನೆಯ ತರಗತಿಯ ಒಂದೇ ವರ್ಷದಲ್ಲಿ ಇವನು ಮೂರು ಛತ್ರಿ ಕಳೆದಿದ್ದ. ಮಲೆನಾಡಿನಲ್ಲಿ ಛತ್ರಿ ಕಳೆಯುವುದಕ್ಕೆ ವಿಶೇಷ ಪ್ರತಿಭೆ ಬೇಕು.

ಅಕ್ಕ, 10:15
ಇನ್ನೊಂದು ಮಾತು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಇದರಲ್ಲಿ ವಂಶವಾಹಿಯ ಪಾಲು ಶೇ 70ಕ್ಕಿಂತ ಹೆಚ್ಚು.

ಮಾವ, 10:21
ಹಾಗಾದರೆ ನಿಮ್ಮ ಅಜ್ಜ ಜವಳಿ ಅಂಗಡಿ, ಹೋಟೆಲು, ಆಮೇಲೆ ಸೈಕಲ್ ಅಂಗಡಿ ಎಂದು ಮೂರನ್ನೂ ತೆರೆದು ಮೂರನ್ನೂ ಮುಚ್ಚಿದ್ದು ಬರಿಯ ಗ್ರಹಚಾರವಲ್ಲವೋ ಏನೋ.

(ಇದಕ್ಕೆ ದೊಡ್ಡಪ್ಪ ಉತ್ತರಿಸಲಿಲ್ಲ. ಆ ಮೂರು ಅಂಗಡಿಗಳ ಸಾಲ ತೀರಿಸಿದವರು ಅವರೇ.)

ಅತ್ತೆ, 10:30
ಪಟ್ಟಿಯಲ್ಲಿ ಮೊದಲು ಇರುವುದೇ ಬಾಣಸಿಗ. ಇವನು ಅಡುಗೆ ಚೆನ್ನಾಗಿ ಮಾಡುತ್ತಾನೆ. ನಮ್ಮವರ ಜೊತೆ ಸೇರಿ ಒಂದೆರಡು ವರ್ಷ ಕಲಿತು, ಆಮೇಲೆ ತಾನೇ ಕಾಂಟ್ರಾಕ್ಟ್ ಹಿಡಿಯಬಹುದಲ್ಲ?

ಮಾವ, 10:52
ಇದನ್ನು ನಾನೇ ಹೇಳಬೇಕು, ಏಕೆಂದರೆ ಇಪ್ಪತ್ತೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಒಲೆಯ ಮುಂದೆ ನಿಂತಾಗ ಮನಸ್ಸು ಬೇರೆಲ್ಲೂ ಹೋಗುವುದಿಲ್ಲ ಎನ್ನುವುದು ನಿಜ. ಒಗ್ಗರಣೆ ಯಾರಿಗೂ ಕಾಯುವುದಿಲ್ಲ. ಆದರೆ ಐನೂರು ಎಲೆಯ ಮದುವೆಯಲ್ಲಿ ನಾನು ಒಲೆಯ ಮುಂದೆ ನಿಲ್ಲುವುದು ಐದಾರು ಗಂಟೆ ಮಾತ್ರ. ಹದಿನೈದು ದಿನ ಮೊದಲೇ ಸಾಮಾನಿನ ಚೀಟಿ ಬರೆಯಬೇಕು, ಎಲೆಯ ಲೆಕ್ಕಕ್ಕೆ ಬೇಳೆ, ಬೆಲ್ಲ, ಎಣ್ಣೆ ಹೊಂದಿಸಬೇಕು, ತರಕಾರಿಯವರಿಗೂ ಬಾಳೆಲೆಯವರಿಗೂ ಹಾಲಿನವರಿಗೂ ಹಿಂದಿನ ದಿನ ಮತ್ತೊಮ್ಮೆ ಫೋನು ಮಾಡಬೇಕು, ಬಾಡಿಗೆ ಪಾತ್ರೆಗಳನ್ನು ಎಣಿಸಿ ತಂದು ಎಣಿಸಿಯೇ ಹಿಂದಿರುಗಿಸಬೇಕು, ಬಡಿಸುವ ಹುಡುಗರ ಕೂಲಿಯನ್ನು ಅಂದೇ ಚುಕ್ತಾ ಮಾಡಬೇಕು, ಉಳಿದ ಬಾಕಿಗೆ ಹುಡುಗಿಯ ಅಪ್ಪನ ಮನೆಗೆ ಮೂರು ಸಲ ಅಲೆಯಬೇಕು. ನನ್ನ ಕೈಕೆಳಗೆ ಬಂದರೆ ಇವನು ಒಳ್ಳೆಯ ಅಡುಗೆಯವನಾಗುತ್ತಾನೆ. ತಾನೇ ಕಾಂಟ್ರಾಕ್ಟ್ ಹಿಡಿದರೆ ಎರಡನೆಯ ಸೀಸನ್ನಿಗೆ ಮುಳುಗುತ್ತಾನೆ. ಎರಡೂ ಬೇರೆ ಬೇರೆ ಕೆಲಸ; ಆ ಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

(ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಸಂದೇಶ. ವೃತ್ತಿ ಸಲಹೆಗಾರರೊಬ್ಬರಿಗೆ ಹಣ ಕೊಟ್ಟು ಎರಡು ಸಲ ಕುಳಿತಾಗಲೂ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.)

ಡಬ್ಲಿನ್ ತಮ್ಮ, 11:03
ಮಾವ, ಹಾಗೆ ನೋಡಿದರೆ ಯಾವ ಕೆಲಸದಲ್ಲೂ ಲೆಕ್ಕಪತ್ರ ಇದ್ದೇ ಇರುತ್ತದೆ. ಫೆಲ್ಪ್ಸ್ ಗೆಲ್ಲಲಿಲ್ಲವೇ?

ನಾನು, 11:20
ಫೆಲ್ಪ್ಸ್‌ಗೆ ಎಷ್ಟು ಹೊತ್ತಿಗೆ ನೀರಿಗಿಳಿಯಬೇಕು, ಎಷ್ಟು ದೂರ ಈಜಬೇಕು ಎಂದು ಹೇಳಲು ಬಾಬ್ ಬೌಮನ್ ಎಂಬ ಕೋಚ್ ಬಾಲ್ಯದಿಂದಲೂ ಇದ್ದರು. ನಟನಿಗೆ ಸೆಟ್ಟಿಗೆ ಬರುವ ಹೊತ್ತನ್ನು ಬೇರೆಯವರು ಹೇಳುತ್ತಾರೆ. ಅವರ ಸಾಧನೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಅವರ ಸುತ್ತ ಇದ್ದ ವ್ಯವಸ್ಥೆ ಪಟ್ಟಿಯಲ್ಲಿ ಕಾಣುವುದಿಲ್ಲ ಎನ್ನುತ್ತಿದ್ದೇನೆ, ಅಷ್ಟೇ. ರಸೆಲ್ ಬಾರ್ಕ್ಲಿ ಎಂಬ ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತಾ ಬಂದಿರುವುದು ಇದನ್ನೇ: ಈ ತೊಂದರೆ ಇರುವವರಿಗೆ ಏನು ಮಾಡಬೇಕೆಂದು ಗೊತ್ತಿಲ್ಲದೆ ಇರುವುದಿಲ್ಲ, ಗೊತ್ತಿರುವುದನ್ನು ಹೊತ್ತಿಗೆ ಸರಿಯಾಗಿ ಮಾಡಲು ಆಗುವುದಿಲ್ಲ. ದೊಡ್ಡಪ್ಪ, ಶಿಸ್ತಿನ ಉಪದೇಶ ನನಗೆ ಸಾಲದೆ ಹೋದದ್ದು ಅದಕ್ಕೇ.

ದೊಡ್ಡಪ್ಪ, 11:34
ಸರಿ, ಶಿಸ್ತಿನ ಮಾತು ಸದ್ಯಕ್ಕೆ ಬದಿಗಿರಲಿ. ಬೇರೆ ಕೆಲಸ ಎಂದರೆ ಯಾವುದು ಎಂದು ನೀನೇ ಯೋಚಿಸಿದ್ದೀಯೋ, ಅಥವಾ ಬಿಡಬೇಕು ಎನ್ನುವುದು ಮಾತ್ರ ಖಚಿತವೋ?

ನಾನು, 12:02
ಯೋಚಿಸಿದ್ದೇನೆ. ಹದಿನಾಲ್ಕು ವರ್ಷದಲ್ಲಿ ನಾನು ಮಾಡಿದ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಡೆ ಬರೆದೆ. ಎಡಗಡೆಗೆ ಬಂದದ್ದು ನಾನು ಕೆಡಿಸಿದ ಕೆಲಸಗಳು: ಮೂರು ತಿಂಗಳ ಆಚೆ ಗಡುವಿದ್ದ ದಾಖಲೆಗಳು, ಪ್ರತಿ ಶುಕ್ರವಾರ ತುಂಬಬೇಕಾದ ಟೈಮ್‌ಶೀಟು, ಯಾರೂ ಓದದ ವರದಿಗಳು. ಬಲಗಡೆಗೆ ಬಂದದ್ದು ಚೆನ್ನಾಗಿ ಮಾಡಿದವು: ತಂತ್ರಾಂಶ ಬಿಡುಗಡೆಯ ಹಿಂದಿನ ರಾತ್ರಿಯ ಕೆಲಸ, ಕೆಟ್ಟ ಸರ್ವರಿನ ದೋಷ ಹುಡುಕುವುದು, ಮತ್ತು 2021ರ ಎರಡನೆಯ ಅಲೆಯಲ್ಲಿ ಊರಿಗೆ ಬಂದಿದ್ದಾಗ ಸ್ನೇಹಿತರ ಜೊತೆ ಸೇರಿ ಕೆಟ್ಟು ನಿಂತಿದ್ದ ಆಕ್ಸಿಜನ್ ಕಾನ್ಸೆಂಟ್ರೇಟರುಗಳನ್ನು ರಿಪೇರಿ ಮಾಡಿದ್ದು. ಆ ಯಂತ್ರದೊಳಗೆ ಗಾಳಿಯ ನೈಟ್ರೋಜನ್ನನ್ನು ಹಿಡಿದಿಡುವ ಜಿಯೊಲೈಟ್ ಎಂಬ ಹರಳುಗಳ ಕೊಳವೆಗಳಿರುತ್ತವೆ. ತೇವ ಹೊಕ್ಕರೆ ಅವು ಕೆಡುತ್ತವೆ, ಫಿಲ್ಟರಿನಲ್ಲಿ ದೂಳು ಕಟ್ಟಿದರೆ ಕಂಪ್ರೆಸರ್ ಏದುಸಿರು ಬಿಡುತ್ತದೆ. ಮೂರು ವಾರ ಯಾರೂ ನನಗೆ ನೆನಪಿಸಬೇಕಾಗಲಿಲ್ಲ. ಯಂತ್ರ ಸರಿಯಾಯಿತೋ ಇಲ್ಲವೋ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು, ಬಾಗಿಲಲ್ಲಿ ಯಾರೋ ಕಾಯುತ್ತಿದ್ದರು, ಕೈಗೆ ಕೆಲಸವಿತ್ತು. ಆದ್ದರಿಂದ ನಾನು ನೋಡುತ್ತಿರುವುದು ಆಸ್ಪತ್ರೆ ಯಂತ್ರಗಳ ಸರ್ವಿಸ್ ಕೆಲಸ: ಡಯಾಲಿಸಿಸ್ ಯಂತ್ರ, ಮಾನಿಟರು, ವೆಂಟಿಲೇಟರು. ಈ ಹುದ್ದೆ ಆ ಹತ್ತರ ಪಟ್ಟಿಯಲ್ಲಿ ಇಲ್ಲ.

ಚಿಕ್ಕಪ್ಪ, 12:25
ಬ್ಯಾಂಕಿನಲ್ಲಿ ಸಾಲ ಕೊಟ್ಟು, ವಸೂಲಿಗೂ ನಾನೇ ಅಲೆದವನಾಗಿ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಐದು ಕಂಪನಿಗಳಲ್ಲೂ ಮೊದಲ ಎಂಟು ಹತ್ತು ತಿಂಗಳು ನೀನು ಹೊಗಳಿಸಿಕೊಂಡೆ. ಪ್ರತಿ ಸಲವೂ ಮೊದಲು ನನಗೇ ಫೋನು ಮಾಡಿ ಹೇಳಿದ್ದೀಯೆ. ಹೊಸತು ಎಂಬ ಕಾರಣಕ್ಕೆ ಬಂದ ಹುರುಪು ಹಳತಾದ ಮೇಲೆ ಹೋಗುತ್ತದೆ. ಆ ಮೂರು ವಾರವೂ ಹೊಸತೇ ಆಗಿತ್ತು. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದವರೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಆರಂಭಿಸಿದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ನಮ್ಮ ಶಾಖೆಯಿಂದ ಹುಡುಗರನ್ನು ಕಳುಹಿಸುತ್ತಿದ್ದೆವು. ತರಬೇತಿ ಇರುವುದು ಕೆಲವೇ ವಾರ. ಆದರೆ ಆ ಮಾದರಿಯಲ್ಲಿ ದೇಶದಾದ್ಯಂತ ಹುಟ್ಟಿದ, ಆರ್‌ಸೆಟಿ ಎಂಬ ಗ್ರಾಮೀಣ ತರಬೇತಿ ಕೇಂದ್ರಗಳಲ್ಲಿ ತರಬೇತಿ ಮುಗಿದ ಮೇಲೆ ಎರಡು ವರ್ಷ ಹಿಂದೆ ಬಿದ್ದು ವಿಚಾರಿಸುವ ಪದ್ಧತಿ ಇದೆ. ಅಂಗಡಿ ಮುಚ್ಚುವುದು ಕೆಲಸ ಬಾರದ್ದರಿಂದಲ್ಲ, ಏಳನೆಯ ತಿಂಗಳಿನಲ್ಲಿ ವಿಚಾರಿಸುವವರು ಇಲ್ಲದ್ದರಿಂದ ಎಂದು ಅವರಿಗೆ ಗೊತ್ತಿತ್ತು. ನಿನ್ನ ಏಳನೆಯ ತಿಂಗಳಿಗೆ ಏನು ವ್ಯವಸ್ಥೆ?

(ಬೇಸರವಾಯಿತು. ಚಿಕ್ಕಪ್ಪ ಹೇಳಿದ್ದು ಸರಿಯಾಗಿತ್ತು ಎಂಬುದೇ ಅದಕ್ಕೆ ಕಾರಣ. ಎರಡು ಗಂಟೆಗೂ ಹೆಚ್ಚು ಹೊತ್ತು ಉತ್ತರ ಬರೆಯಲಿಲ್ಲ.)

ಮನೆಯವಳು, 1:10
ಚಿಕ್ಕ ಮಾವ ಕೇಳಿದ್ದು ನನ್ನ ಪ್ರಶ್ನೆಯೂ ಹೌದು. ವಿದ್ಯುತ್ ಬಿಲ್ಲು, ಮಗಳ ಶಾಲೆಯ ಫೀಸು, ಸಾಲದ ಕಂತು ಇವೆಲ್ಲವನ್ನೂ ಒಂಬತ್ತು ವರ್ಷದಿಂದ ನಾನೇ ನೆನಪಿಟ್ಟುಕೊಂಡಿದ್ದೇನೆ. ಹೊಸ ಕೆಲಸದ ನೆನಪಿನ ಭಾರವೂ ನನ್ನ ತಲೆಗೇ ಬರುವುದಾದರೆ ನನ್ನ ಒಪ್ಪಿಗೆ ಇಲ್ಲ. ಇವರ ಕೆಲಸದ ಮೇಲೆ ನನಗೆ ಅಪನಂಬಿಕೆ ಇಲ್ಲ. ಈ ಮನೆಗೆ ಎರಡನೆಯ ಅಲಾರಂ ಆಗಿರಲು ಇನ್ನು ನನ್ನಿಂದಾಗದು ಎಂಬುದನ್ನು ಮಾತ್ರ ಎಲ್ಲರೆದುರು ಹೇಳುತ್ತಿದ್ದೇನೆ.

ಅತ್ತೆ, 1:14
ಹೇಳಿದ್ದು ಒಳ್ಳೆಯದಾಯಿತು, ಮಗಳೇ.

ಅಕ್ಕ, 1:38
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಔಷಧಿ ಶುರುವಾಗಿ ನಾಲ್ಕು ತಿಂಗಳೂ ಆಗಿಲ್ಲ, ಪ್ರಮಾಣ ಇನ್ನೂ ಹೊಂದಾಣಿಕೆಯ ಹಂತದಲ್ಲಿದೆ ಎಂದು ಅವನೇ ಹೇಳಿದ್ದಾನೆ. ಈ ಹೊತ್ತಿನಲ್ಲಿ ರಾಜೀನಾಮೆ ಕೊಟ್ಟರೆ, ಬದಲಾದದ್ದು ಔಷಧಿಯಿಂದಲೋ ಕೆಲಸದಿಂದಲೋ ಎಂದು ತಿಳಿಯುವುದಿಲ್ಲ. ಈಗಿನ ಕಚೇರಿಯಲ್ಲೇ ದೊಡ್ಡ ಗಡುವನ್ನು ವಾರದ ತುಂಡುಗಳಾಗಿ ಒಡೆದು ಕೇಳು, ದೋಷ ಹುಡುಕುವ ತಂಡಕ್ಕೆ ವರ್ಗ ಕೇಳು. ಅದರಿಂದಲೇ ಅರ್ಧ ತೊಂದರೆ ನೀಗಿದರೆ ಸಂಬಳ ಬಿಡುವ ಅಗತ್ಯವೇ ಇರುವುದಿಲ್ಲ.

ಅತ್ತೆ, 1:41
ಆ ಮಾತ್ರೆ ಚಟವಾಗುತ್ತದೆ ಎನ್ನುತ್ತಾರಲ್ಲ?

ಅಕ್ಕ, 1:50
ಇದಕ್ಕೆ ಕೊಡುವ ಮೆಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧಿ ದುರುಪಯೋಗವಾಗಬಾರದೆಂದೇ ಅದನ್ನು ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಎಂಬ ಕಟ್ಟುನಿಟ್ಟಿನ ಔಷಧಿಪಟ್ಟಿಯಲ್ಲಿ ಇಟ್ಟಿದ್ದಾರೆ, ಅತ್ತೆ. ಅದಕ್ಕೆ ಪ್ರತ್ಯೇಕ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಚಟದ ಭಯ ಕಡಿಮೆ. ಉತ್ತೇಜಕವಲ್ಲದ ಆಟೊಮಾಕ್ಸೆಟಿನ್ ಕೂಡ ಇದೆ. ಯಾವುದು ಯಾರಿಗೆ ಎನ್ನುವುದನ್ನು ಅವನ ವೈದ್ಯರು ನೋಡಿಕೊಳ್ಳಲಿ.

ಡಬ್ಲಿನ್ ತಮ್ಮ, 2:05
ಕಚೇರಿಯಲ್ಲಿ ಹೇಳಿಕೊಂಡು ಅನುಕೂಲ ಕೇಳುವುದೇ ಸರಿ. ಅಂಗವಿಕಲರ ಕಾನೂನು ನಿಮ್ಮಲ್ಲಿಯೂ ಇದೆಯಲ್ಲ?

ಚಿಕ್ಕಪ್ಪ, 2:16
2016ರ ಕಾಯ್ದೆಯಲ್ಲಿ 21 ಬಗೆಗಳಿವೆ. ಆಟಿಸಂ ಇದೆ, ಕಲಿಕೆಯ ನ್ಯೂನತೆ ಇದೆ, ಎಡಿಎಚ್‌ಡಿ ಎಂಬ ಹೆಸರು ಇಲ್ಲ. ಹಕ್ಕು ಎಂದು ಕೇಳಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ. ಅನುಕೂಲವನ್ನು ಕೇಳಲಿ, ಕಾಯಿಲೆಯ ಹೆಸರು ಹೇಳದೆ ಕೇಳಲಿ.

ಅಕ್ಕ, 2:20
ಹೆಸರು ಮುಚ್ಚಿಡಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ, ಚಿಕ್ಕಪ್ಪ. ಆದರೆ ಮೇಲಧಿಕಾರಿ ಎಂಥವರು ಎಂದು ಬಲ್ಲವನು ಅವನೇ.

ನಾನು, 2:45
ಹಿಂದಿನ ಒಂದು ಕಂಪನಿಯಲ್ಲಿ ನನಗೆ ಸ್ವಲ್ಪ ಮರೆವು ಎಂದಷ್ಟೇ ಹೇಳಿದ್ದೆ. ಆಮೇಲೆ ಯಾವ ತಪ್ಪಾದರೂ ನನ್ನ ಕಡೆಗೇ ನೋಡುತ್ತಿದ್ದರು. ಆದ್ದರಿಂದ ಈ ಸಲ ಹೆಸರು ಹೇಳದೆ ವರ್ಗ ಕೇಳುತ್ತೇನೆ. ಡಿಸೆಂಬರ್‌ವರೆಗೆ ರಾಜೀನಾಮೆ ಇಲ್ಲ. ಅಲ್ಲಿಯವರೆಗೆ ತಿಂಗಳಿಗೆ ಎರಡು ಶನಿವಾರ, ಸರ್ವಿಸ್ ಕೆಲಸದಲ್ಲಿರುವ ಸಹಪಾಠಿಯ ಜೊತೆ ಆಸ್ಪತ್ರೆಗಳಿಗೆ ಹೋಗಿ ನೋಡುತ್ತೇನೆ. ನೋಡಬೇಕಾದದ್ದು ಯಂತ್ರ ಕೆಟ್ಟ ದಿನವನ್ನಲ್ಲ. ಅದು ನನಗೆ ಹಿಡಿಸುತ್ತದೆ ಎಂದು ಈಗಲೇ ಗೊತ್ತು. ಏನೂ ಕೆಡದೆ, ಬರಿಯ ವೇಳಾಪಟ್ಟಿಯಂತೆ ಹತ್ತು ಯಂತ್ರಗಳನ್ನು ತಪಾಸಣೆ ಮಾಡಿ, ಪ್ರತಿಯೊಂದಕ್ಕೂ ವರದಿ ಬರೆದು ಸಹಿ ಹಾಕಿಸಿಕೊಳ್ಳುವ ದಿನವನ್ನು ನೋಡಬೇಕು. ಸರ್ವಿಸ್ ಕೆಲಸದಲ್ಲಿ ವರದಿಗೆ ಸಹಿ ಬೀಳದಿದ್ದರೆ ರಿಪೇರಿಯೇ ಆಗಿಲ್ಲ ಎಂದು ಲೆಕ್ಕ. ಆ ದಿನಗಳನ್ನು ತಡೆದುಕೊಳ್ಳಲು ಆಗದಿದ್ದರೆ ಈ ಯೋಚನೆಯನ್ನೂ ಬಿಡುತ್ತೇನೆ. ಇವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನೆನಪಿಸಲು ಮನೆಯ ಹೊರಗಿನ ಒಬ್ಬರು ಬೇಕು.

ಮಾವ, 2:58
ರಾತ್ರಿ 8 ಗಂಟೆಗೆ ನಾನು ಹೇಗಿದ್ದರೂ ಮರುದಿನದ ಸಾಮಾನಿಗೆ ಹತ್ತು ಜನರಿಗೆ ಫೋನು ಮಾಡುತ್ತೇನೆ. ಹನ್ನೊಂದನೆಯವನು ನೀನಾಗು. ಶನಿವಾರದ ವರದಿ ಬರೆದೆಯಾ ಎಂದಷ್ಟೇ ಕೇಳುತ್ತೇನೆ, ಬುದ್ಧಿ ಹೇಳುವುದಿಲ್ಲ.

ಚಿಕ್ಕಪ್ಪ, 3:10
ಹೊಸ ಕೆಲಸದಲ್ಲಿ ಮೊದಲ ವರ್ಷದ ಸಂಬಳ ಈಗಿನದಕ್ಕಿಂತ ಎಷ್ಟು ಕಡಿಮೆ ಎಂಬುದನ್ನು ಯಾರೂ ಮಾತನಾಡಲಿಲ್ಲ. ಸಾಲದ ಕಂತು, ಶಾಲೆ, ವಿಮೆ, ಮನೆ ಖರ್ಚು, ಆರು ತಿಂಗಳಿಗೆ ಎಷ್ಟಾಗುತ್ತದೆ ಎಂಬ ಪಟ್ಟಿ ನನಗೆ ಬೇಕು. ಅದನ್ನು ನೋಡದೆ ನಾನು ಹೂಂ ಎನ್ನುವುದಿಲ್ಲ.

ನಾನು, 3:12
ಆದಷ್ಟು ಬೇಗ ಕಳುಹಿಸುತ್ತೇನೆ, ಚಿಕ್ಕಪ್ಪ.

ದೊಡ್ಡಪ್ಪ, 3:15
"ಆದಷ್ಟು ಬೇಗ" ಎನ್ನುವುದು ದಿನಾಂಕವಲ್ಲ. ಗುರುವಾರ ರಾತ್ರಿ 8 ಗಂಟೆಯೊಳಗೆ ಈ ಗುಂಪಿಗೇ ಹಾಕು. ನಾನು ಕಾಯುತ್ತಿರುತ್ತೇನೆ.